ಜಯಘೋಷ ತಿನ್ನುವ ಮೃಗ

ಬಹಳ ಬಹಳ ಹಿಂದೆ, ಮರಗಳು ಇನ್ನೂ ಮಾತಾಡುತ್ತಿದ್ದ, ಆದರೆ ಇಲಾಖೆಗಳು ಆಗಲೇ ಮಾತು ಬಿಟ್ಟಿದ್ದ ಕಾಲದಲ್ಲಿ, ಹೊಂಬೆಟ್ಟ ಎಂಬ ರಾಜ್ಯವಿತ್ತು. ಅಲ್ಲಿ ಕೋಟೆಯನ್ನು ದಂಡನಾಯಕ ಮಲ್ಲರಸ, ಕೆರೆಯನ್ನು ತಿಪ್ಪರಸ, ಕಣಜವನ್ನು ಸೋವಯ್ಯ ನೋಡಿಕೊಳ್ಳುತ್ತಿದ್ದರು. ಮೂವರೂ ಸಮರ್ಥರು. ಒಡ್ಡೋಲಗದಲ್ಲಿ ಯಾರು ಯಾರ ಬಲಕ್ಕೆ ಕೂರಬೇಕೆಂದು ತೀರ್ಮಾನವಾಗದೆ ಮೂವರೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಆ ಮೂವರು ಕಳಿಸುವ ಓಲೆಗಳನ್ನು ಓದಿ ಅರಸನಿಗೆ ಸಾರ ಹೇಳುವ ಕೆಲಸ ಚಿಕ್ಕಾಯಿಯದು. ಅರಸ ಪೂರ್ತಿ ಕೇಳುತ್ತಿರಲಿಲ್ಲ. "ಗೆದ್ದೆವೋ ಸೋತೆವೋ, ಅಷ್ಟು ಹೇಳು ತಾಯಿ" ಎನ್ನುತ್ತಿದ್ದ. ಎಲ್ಲ ಓಲೆಗಳಲ್ಲೂ ಗೆದ್ದೆವು ಎಂದೇ ಇರುತ್ತಿದ್ದುದರಿಂದ ಚಿಕ್ಕಾಯಿಯ ಕೆಲಸ ಬೇಗ ಮುಗಿಯುತ್ತಿತ್ತು.

ಹೀಗಿರಲಾಗಿ ಕರಿಗವಿಯ ಮಾಂತ್ರಿಕ ಉಗ್ರಜಟ ತನ್ನ ಪ್ರಾಣದ ಒಂದು ಎಳೆಯಿಂದ ಒಂದು ಮೃಗವನ್ನು ಮಾಡಿ ಊರಿಗೆ ಬಿಟ್ಟ. ಅದು ಉಸಿರು ಬಿಟ್ಟರೆ ಮನುಷ್ಯರು ಕಲ್ಲಾಗುತ್ತಿದ್ದರು. ಅಮಾವಾಸ್ಯೆಯ ಸೂರ್ಯ ಮುಳುಗುವುದರೊಳಗೆ ಮೃಗ ಅಳಿಯದಿದ್ದರೆ ಆ ಕಲ್ಲು ಮರಳಾಗಿ ಉದುರುತ್ತಿತ್ತು. ಕಲ್ಲಾದವರಲ್ಲಿ ಚಿಕ್ಕಾಯಿಯ ಗಂಡ, ಕೆರೆಯ ನೀರುಗಂಟಿ ಬೊಮ್ಮಣ್ಣನೂ ಒಬ್ಬ. ತೂಬಿನ ಮೇಲೆ ಕೈಯಿಟ್ಟವನು ಹಾಗೆಯೇ ನಿಂತುಬಿಟ್ಟಿದ್ದ. ಕೆರೆಯ ಓಲೆಯಲ್ಲಿ, "ಮೃಗವನ್ನು ಓಡಿಸಲಾಗಿದೆ. ಏರಿಗೆ ಹೊಸದಾಗಿ ಒಂದು ಕಲ್ಲು ಸೇರ್ಪಡೆಯಾಗಿದೆ" ಎಂದು ಬರೆದಿತ್ತು.

ಚಿಕ್ಕಾಯಿ ಆ ಓಲೆಯನ್ನು ಎರಡು ಸಲ ಓದಿದಳು. ಕಣ್ಣೊರೆಸಿಕೊಂಡು, ಆ ರಾಜ್ಯದಲ್ಲಿ ಯಾರೂ ಮಾಡದಿದ್ದ ಕೆಲಸವೊಂದನ್ನು ಮಾಡಿದಳು: ಮೂರೂ ಇಲಾಖೆಗಳ ಓಲೆಗಳನ್ನು ಒಂದೇ ಚಾಪೆಯ ಮೇಲೆ ಹರವಿದಳು.

ಸೋಮವಾರ ಕೋಟೆಗೆ ಕೊಂಬಿನ ಮೃಗ ಬಂದಿತ್ತು. ಎತ್ತರ ಒಂದಾಳು. ನಗಾರಿ ಬಡಿದು ಓಡಿಸಿ ಜಯಘೋಷ ಮಾಡಿದರು. ಮಂಗಳವಾರ ಕೆರೆಗೆ ಹುರುಪೆಯ ಮೃಗ. ಎತ್ತರ ಎರಡಾಳು. ನೀರೆರಚಿ ಓಡಿಸಿ ಜಯಘೋಷ ಮಾಡಿದರು. ಬುಧವಾರ ಕಣಜಕ್ಕೆ ಬಾಲದ ಮೃಗ. ಎತ್ತರ ಮೂರಾಳು. ಮೆಣಸಿನಕಾಯಿ ಹೊಗೆ ಹಾಕಿ ಓಡಿಸಿ ಜಯಘೋಷ ಮಾಡಿದರು. ಗುರುವಾರ ಮತ್ತೆ ಕೋಟೆ, ಮತ್ತೆ ಕೊಂಬು, ನಾಲ್ಕಾಳು.

ಮರುದಿನ ಶುಕ್ರವಾರವೇ ಅಮಾವಾಸ್ಯೆ. ಚಿಕ್ಕಾಯಿ ಅರಮನೆಗೆ ಓಡಿದಳು. ಉಪ್ಪರಿಗೆಯ ಕಿಟಕಿಯಿಂದ ಮೃಗದ ಕಿವಿಗಳು ಕಾಣತೊಡಗಿದ್ದರಿಂದ ಅರಸ ಅಂದು ಪೂರ್ತಿ ಕೇಳಿದ.

"ಬುದ್ಧೀ, ಮೃಗ ಮೂರಲ್ಲ, ಒಂದೇ. ನಾವು ಅದನ್ನು ಓಡಿಸುತ್ತಿಲ್ಲ, ಪಕ್ಕದ ಇಲಾಖೆಗೆ ಕಳಿಸುತ್ತಿದ್ದೇವೆ. ಅದರ ಆಹಾರ ನಮ್ಮ ಜಯಘೋಷ. ಒಂದು ಘೋಷಕ್ಕೆ ಒಂದಾಳು ಬೆಳೆಯುತ್ತದೆ."

ಅರಸ ಮೂವರನ್ನೂ ಕರೆಸಿದ.

"ನಮ್ಮದು ಕೊಂಬಿನ ಮೃಗ," ಎಂದ ಮಲ್ಲರಸ ಮೀಸೆ ತಿರುವಿ. "ಹುರುಪೆಯದು ಕೆರೆಯವರ ಕರ್ಮ."

"ನಿನ್ನ ನಗಾರಿಗೆ ಬೆದರಿಯೇ ಅದು ನನ್ನ ಕೆರೆಗೆ ಬಿದ್ದದ್ದು ಕಣಯ್ಯಾ!" ಎಂದ ತಿಪ್ಪರಸ. ಹನ್ನೊಂದು ವರ್ಷದಲ್ಲಿ ಅದು ಅವರ ಮೊದಲ ಮಾತು.

"ಅಲ್ಲಿಂದ ಒದ್ದೆ ಮೈಯಲ್ಲಿ ಬಂದು ನನ್ನ ರಾಗಿಯ ಮೇಲೆ ಹೊರಳಾಡಿತಲ್ಲ, ಮೊಳಕೆ ಬಂದ ರಾಗಿ ಯಾರ ತಲೆಗೆ ಕಟ್ಟಲಿ?" ಎಂದ ಸೋವಯ್ಯ.

"ಅಂದರೆ ಮೃಗ ಒಂದೇ ಎಂದು ಮೂವರೂ ಒಪ್ಪಿದಂತಾಯಿತು," ಎಂದಳು ಚಿಕ್ಕಾಯಿ.

ಮೂವರೂ ಬಾಯಿ ಮುಚ್ಚಿದರು.

"ನಾಳೆಯೂ ಹೀಗೇ ಮುಚ್ಚಿಕೊಂಡಿರಿ ಸ್ವಾಮಿ. ಉಪಾಯದ ಅರ್ಧ ಅದೇ. ಉಳಿದರ್ಧ, ಮೂವರೂ ಒಂದೇ ಗಳಿಗೆಯಲ್ಲಿ ಓಡಿಸುವುದು. ಮೃಗ ಪೂರ್ತಿ ಅಳಿಯುವ ತನಕ ಗೆದ್ದೆ ಎಂದು ಯಾರೂ ಅನ್ನಬಾರದು."

ನಗಾರಿ ಬಡಿಯುವುದು ಸುಲಭ, ಗೆದ್ದೆ ಅನ್ನದಿರುವುದು ಕಷ್ಟ ಎಂದು ಮೂವರೂ ನಿಟ್ಟುಸಿರುಬಿಟ್ಟರು.

ಶುಕ್ರವಾರ ಬೆಳಗ್ಗೆ ಮೃಗ ಬಂತು. ಕೋಟೆಯ ಕಡೆ ನುಗ್ಗಿತು; ನಗಾರಿ ಮೊಳಗಿತು. ಕೆರೆಯ ಕಡೆ ತಿರುಗಿತು; ನೀರು ಚಿಮ್ಮಿತು. ಕಣಜದ ಕಡೆ ಓಡಿತು, ಹೊಗೆ ಎದ್ದಿತು. ನಡುಬಯಲಿನಲ್ಲಿ ನಿಂತು ಜಯಘೋಷಕ್ಕೆ ಕಿವಿ ನಿಮಿರಿಸಿತು. ಯಾರೂ ಕೂಗಲಿಲ್ಲ. ಹಸಿವಿನಿಂದ ಅದು ಕುಗ್ಗತೊಡಗಿತು.

ಉಗ್ರಜಟ ತನ್ನ ಪ್ರಾಣ ಕುಗ್ಗುವುದನ್ನು ಕಂಡು ಹಾರಿಬಂದ. ಮೂರೂ ಇಲಾಖೆಗಳನ್ನು ಒಟ್ಟಿಗೆ ಬಲ್ಲವನು ಆವರೆಗೆ ರಾಜ್ಯದಲ್ಲಿ ಅವನೊಬ್ಬನೇ.

"ದಂಡನಾಯಕಾ, ಈ ಗೆಲುವು ನಿನ್ನದೇ. ಒಂದು ಸಲ ಕೂಗಿಬಿಡು!" ಮಲ್ಲರಸ ಮೀಸೆಯ ಎರಡೂ ತುದಿಗಳನ್ನು ಬಾಯಿಗೆ ತುರುಕಿಕೊಂಡ. ಮೃಗ ಎಮ್ಮೆಯಷ್ಟಾಯಿತು.

"ತಿಪ್ಪರಸಾ, ಕೆರೆ ಇಲ್ಲದಿದ್ದರೆ ಕೋಟೆಯವರು ಏನು ಕಿಸಿಯುತ್ತಿದ್ದರು? ಕೂಗು!" ತಿಪ್ಪರಸ ತಲೆಯನ್ನು ಹಂಡೆಯ ನೀರಿನಲ್ಲಿ ಮುಳುಗಿಸಿದ. ಮೃಗ ಕುರಿಯಷ್ಟಾಯಿತು.

"ಸೋವಯ್ಯಾ, ನಿನ್ನ ಹೊಗೆಯೇ ಹೊಗೆ!" ಸೋವಯ್ಯ ಬಾಯಿ ತುಂಬ ಅವಲಕ್ಕಿ ತುಂಬಿಕೊಂಡು ಕೈಮುಗಿದ. ಮೃಗ ಬೆಕ್ಕಿನಷ್ಟಾಯಿತು.

ಮಾಂತ್ರಿಕ ಕೊನೆಗೆ ಚಿಕ್ಕಾಯಿಯ ಕಾಲ ಬಳಿ ಕುಸಿದ. "ಮಗಳೇ, ಎಲ್ಲ ಮಾಡಿದವಳು ನೀನು. ಶಾಸನದಲ್ಲಿ ಹೆಸರು ಕೆತ್ತಿಸಿಕೊಳ್ಳುವವರು ಇವರು. ನ್ಯಾಯವೇ? ನಾನು ಗೆದ್ದೆ ಅಂತ ಪಿಸುಗುಟ್ಟಿದರೂ ಸಾಕು."

ಮಾತಿನಲ್ಲಿ ಸುಳ್ಳಿರಲಿಲ್ಲ. ಚಿಕ್ಕಾಯಿಯ ತುಟಿ ಅದುರಿತು. ದೂರದ ಏರಿಯ ಮೇಲೆ ತೂಬು ಹಿಡಿದು ನಿಂತ ಕಲ್ಲು ಕಂಡಿತು. ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸುಮ್ಮನೆ ನಿಂತಳು.

ಮೃಗ ಇರುವೆಯಾಯಿತು, ಇರುವೆ ಚುಕ್ಕಿಯಾಯಿತು, ಚುಕ್ಕಿ ಇಲ್ಲವಾಯಿತು. ಉಗ್ರಜಟ ಒಂದು ಹಿಡಿ ಬೂದಿಯಾಗಿ ಗಾಳಿಗೆ ಹೋದ.

ಆಗ ಹೊಂಬೆಟ್ಟ ಒಂದೇ ಗಂಟಲಿನಲ್ಲಿ "ಗೆದ್ದೆವು!" ಎಂದು ಕೂಗಿತು. ಮರಗಳೂ ಕೂಗಿದವು. ಮೂವರು ಅಧಿಕಾರಿಗಳು ಅಪ್ಪಿಕೊಂಡರು; ಯಾರು ಯಾರ ಬಲಕ್ಕಿದ್ದರೆಂದು ಯಾರೂ ನೋಡಲಿಲ್ಲ.

ಚಿಕ್ಕಾಯಿ ಏರಿಗೆ ಓಡಿದಳು. ಕಲ್ಲು ಬೆಚ್ಚಗಾಗಿ, ಮೆತ್ತಗಾಗಿ, ಬೊಮ್ಮಣ್ಣನಾಗಿ ತೂಬನ್ನು ಒಂದು ಸುತ್ತು ತಿರುಗಿಸಿತು. ಅವನು ಹೆಂಡತಿಯನ್ನು ಕಂಡು ಬೆರಗಾದ.

"ಇದೇನೇ, ಹಗಲು ಹೊತ್ತಲ್ಲಿ ಇಲ್ಲಿ? ಅರಮನೇಲಿ ಕೆಲಸ ಇಲ್ವಾ?"

"ಮುಗಿಸಿ ಬಂದೆ," ಎಂದಳು ಚಿಕ್ಕಾಯಿ, ಅವನ ಕೈ ಬಿಡದೆ.

ಕಾಲುವೆಯಲ್ಲಿ ನೀರು ಹರಿಯಿತು, ಕಣಜ ತುಂಬಿತು, ಕೋಟೆಯ ಬಾಗಿಲು ತೆರೆದೇ ಇತ್ತು. ಹೊಂಬೆಟ್ಟದ ಜನ ಉಂಡು, ಉಟ್ಟು, ನೂರು ವರ್ಷ ನಗುನಗುತ್ತ ಬಾಳಿದರು.