ನಾಲ್ಕು ದಿಕ್ಕಿಗೂ ನೀರು

೧೯೮೩ರ ಸೆಪ್ಟೆಂಬರ್ ಹನ್ನೆರಡು, ಸೋಮವಾರ. ಬೆಳಿಗ್ಗೆ ನರಸಿಂಹರಾಜಪುರ ಠಾಣೆಗೆ ಬಂದ ದೂರು ಕೇಳಿ ಸಬ್‌ಇನ್‌ಸ್ಪೆಕ್ಟರ್ ಗಜಾನನ ಪೆನ್ನು ಕೆಳಗಿಟ್ಟರು. ಕಳ್ಳತನ ಕಂಡಿದ್ದರು, ಬೇಲಿ ಜಗಳ ಕೇಳಿ ಕೇಳಿ ಕಿವಿ ತೂತಾಗಿತ್ತು. ಕೊಂಡ ಜಾಗವೇ ಕಾಣುತ್ತಿಲ್ಲ ಅನ್ನುವ ದೂರು ಮಾತ್ರ ಅವರ ಸರ್ವೀಸಿನಲ್ಲೇ ಮೊದಲು.

ದೂರುದಾರ ಕೊಪ್ಪದ ಜಮಾಲ್. ಕುವೈತಿನಲ್ಲಿ ಗಾರೆ ಕೆಲಸ. ಕಂಡವರ ಮನೆ ಕಟ್ಟುವುದರಲ್ಲೇ ಪ್ರಾಯ ಸವೆಸಿದವನು. ಹಿಂದಿನ ವರ್ಷ ಏಪ್ರಿಲ್‌ನಲ್ಲಿ ರಜೆಗೆ ಬಂದಾಗ ಭದ್ರಾ ಹಿನ್ನೀರಿನ ಅಂಚಿನಲ್ಲಿ ವಾಸಪ್ಪನೆಂಬ ಮುದುಕನಿಂದ ಮನೆ ನಿವೇಶನ ಕೊಂಡಿದ್ದ. ಪತ್ರ ಮಾಡಿಸಿಕೊಂಡು ಮತ್ತೆ ಹೋಗಿ ದುಡಿದು, ಈಗ ಕೆಲಸ ಬಿಟ್ಟೇ ಬಂದಿದ್ದಾನೆ. ಹೆಂಡತಿ ಶಾಕಿರಾ ಇಷ್ಟು ವರ್ಷವೂ ತನ್ನ ಅಣ್ಣನ ಅಂಗಡಿಯ ಹಿಂದಿನ ಒಂಟಿ ಕೋಣೆಯಲ್ಲಿ ಸ್ವಂತ ಮನೆಗಾಗಿ ಕಾದಿದ್ದಾಳೆ. ನಿನ್ನೆ ಪಾಯದ ಗುರುತು ಹಾಕಲು ಹೋದರೆ ಅಲ್ಲಿ ಬರೀ ನೀರು.

“ಕೊಳ್ಳುವಾಗ ಎಂತ ನೋಡಿದೆ ಮಾರಾಯ?” ಗಜಾನನ ಕೇಳಿದರು.

“ಪಹಣಿ, ಕಂದಾಯದ ರಸೀದಿ. ಎಲ್ಲ ಅವರ ಹೆಸರಲ್ಲೇ ಇತ್ತು ಸಾರ್.”

“ಯಾವ ವರ್ಷದ್ದು?”

ಜಮಾಲ್ ಮಾಸಿದ ಹಳೆಯ ಪಹಣಿಯನ್ನು ಮೇಜಿನ ಮೇಲಿಟ್ಟ. ಉತ್ತರ ಕೊಟ್ಟವಳು ಜೊತೆಗೆ ಬಂದಿದ್ದ ಶಾಕಿರಾ.

“ತಾಲ್ಲೂಕು ಕಚೇರಿಗೆ ಹೋಗಿ ಹೊಸದು ತೆಗೆಸಿ ಅಂತ ಅಣ್ಣ ಹೇಳಿದ್ದ ಸಾರ್. ಇವರ ರಜೆ ಮುಗೀತಾ ಬಂದಿತ್ತು.”

ಗಜಾನನರಿಗೆ ಬೈಯಬೇಕು ಅನ್ನಿಸಿತು, ಆಮೇಲೆ ಪಾಪ ಅನ್ನಿಸಿತು. ಪರದೇಶದಲ್ಲಿ ಇರುವವನಿಗೆ ರಜೆಯ ಒಂದೊಂದು ದಿನವೂ ಎಷ್ಟು ದುಬಾರಿ ಎಂದು ಇಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು! ವಂಚನೆ ಪ್ರಕರಣ ದಾಖಲಿಸಿ ಎಫ್‌ಐಆರ್ ನ್ಯಾಯಾಲಯಕ್ಕೆ ಕಳಿಸಿದರು.

ಮರುದಿನ ತಾಲ್ಲೂಕು ಕಚೇರಿಯಲ್ಲಿ ಹೊಸ ಪಹಣಿ ತೆಗೆಸಿದಾಗ ಸಂಗತಿ ಸ್ಪಷ್ಟವಾಯಿತು. ಅಣೆಕಟ್ಟು ಕಟ್ಟುವಾಗಲೇ ಆ ಜಮೀನು ಮುಳುಗಡೆಗೆಂದು ಸರ್ಕಾರಕ್ಕೆ ಸೇರಿತ್ತು. ಪರಿಹಾರವನ್ನು ವಾಸಪ್ಪನೇ ಪಡೆದಿದ್ದ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಮಾತ್ರ ನೆಲ ಮೇಲೇಳುತ್ತದೆ. ಜಮಾಲ್ ನೋಡಿದ್ದು ಆ ನೆಲವನ್ನೇ. ದೂರದಲ್ಲಿ ನೀರು ಮಿನುಗುತ್ತಿದ್ದುದು ಕಂಡು ಅವನಿಗೆ ಜಾಗ ಇನ್ನಷ್ಟು ಹಿಡಿಸಿತ್ತಂತೆ.

ಸ್ಥಳ ಪಂಚನಾಮೆಗೆ ಜೀಪು ಸಾಲದೆ ದೋಣಿ ಬೇಕಾಯಿತು. ಈಜು ಬಾರದ ಕಾನ್‌ಸ್ಟೆಬಲ್ ರೇಣುಕಪ್ಪ ಒಂದು ಕೈಯಲ್ಲಿ ಬರೆಯುವ ಹಲಗೆ, ಇನ್ನೊಂದರಲ್ಲಿ ಜೀವ ಹಿಡಿದು ಕೂತಿದ್ದ. ದಡದ ಗಡಿಕಲ್ಲಿನಿಂದ ಅಳತೆ ಹಿಡಿದು ಬಂದ ಸರ್ವೆಯವರು ಒಂದು ಕಡೆ ದೋಣಿ ನಿಲ್ಲಿಸಿ, ಇದೇ ಜಾಗ ಎಂದರು. ಚಕ್ಕುಬಂದಿ, ಅಂದರೆ ಜಾಗದ ನಾಲ್ಕು ಎಲ್ಲೆ, ಬರೆಯಬೇಕಲ್ಲ? “ಪೂರ್ವಕ್ಕೆ ನೀರು,” ರೇಣುಕಪ್ಪ ಬರೆದ. “ಪಶ್ಚಿಮಕ್ಕೆ ಎಂತ ಬರೀಲಿ ಸಾರ್?” ಪಂಚರು ನಕ್ಕರು, ಗಜಾನನರಿಗೂ ನಗು ಬಂತು. ತಿರುಗಿ ನೋಡಿದರೆ ದಡದಲ್ಲಿ ಜಮಾಲ್, ಪಾಯದ ಗುರುತಿಗೆಂದು ತಂದಿದ್ದ ಗೂಟ, ದಾರ ಇನ್ನೂ ಕೈಯಲ್ಲೇ ಹಿಡಿದು ನಿಂತಿದ್ದ. ಅವರ ನಗು ಅಲ್ಲಿಗೇ ನಿಂತಿತು.

ಹದಿನೈದರಂದು ಮುತ್ತಿನಕೊಪ್ಪದ ಬಾಡಿಗೆ ಮನೆಯೊಂದರಲ್ಲಿ ವಾಸಪ್ಪ ಸಿಕ್ಕಿದ. ಓಡಲಿಲ್ಲ, ವಾದಿಸಲಿಲ್ಲ, ಅಂಗಿ ಹಾಕಿಕೊಂಡು ಬಂದು ಜೀಪು ಹತ್ತಿದ. ಹಣ ಹೆಂಡತಿಯ ಚಿಕಿತ್ಸೆಗೆ ಖರ್ಚಾಗಿತ್ತು, ಅವಳೂ ಉಳಿದಿರಲಿಲ್ಲ.

“ಸರ್ಕಾರದ ಜಾಗ ಅಂತ ಗೊತ್ತಿತ್ತಲ್ಲ?”

“ನೀರು ಇದ್ದಾಗ ಸರ್ಕಾರದ್ದು ಸಾರ್. ಇಳಿದಾಗ ನಂದೇ ಅನ್ಸುತ್ತೆ. ಪ್ರತಿ ಬೇಸಿಗೆ ಹೋಗಿ ಕೂತು ಬರ್ತೀನಿ. ಮಾರೋಕೆ ನನ್ಹತ್ರ ಬೇರೆ ಎಂತ ಇತ್ತು?”

ಹೇಳಿಕೆ ಕೊಡಲು ಬಂದಿದ್ದ ಜಮಾಲ್ ಎದ್ದು ವಾಸಪ್ಪನ ಎದುರಿಗೆ ಬಂದು ನಿಂತ.

“ಮೂಡು ದಿಕ್ಕಿನ ಮೂಲೆಗೆ ಅಡುಗೆಮನೆ ಇಡು ಅಂದ್ರಿ. ಅಲ್ಲಿ ಕುವೈತಿನ ಕ್ಯಾಂಪಲ್ಲಿ ಮಲಗೋ ಮುಂಚೆ ದಿನಾ ಆ ಮನೆ ಕಟ್ತಿದ್ದೆ ನಾನು. ಅಡುಗೆಮನೆ ನೀವು ಹೇಳಿದ ಕಡೆಯೇ ಇಟ್ಟಿದ್ದೆ. ಮೋಸ ಮಾಡೋರು ಅದನ್ನೆಲ್ಲ ಯಾಕೆ ಹೇಳ್ಬೇಕಿತ್ತು?”

ವಾಸಪ್ಪ ತಲೆ ಎತ್ತಲಿಲ್ಲ.

“ಅಲ್ಲೇ ಇತ್ತು, ನಮ್ಮನೇದು. ಬೆಳಿಗ್ಗೆ ಬಿಸಿಲು ಒಲೆ ಮೇಲೇ ಬೀಳ್ತಿತ್ತು.”

ಬಾಗಿಲ ಬಳಿ ನಿಂತಿದ್ದ ಶಾಕಿರಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತದ್ದು ಯಾರಿಗಾಗಿ ಎಂದು ಗಜಾನನ ಕೇಳಲಿಲ್ಲ. ಸಂಜೆ ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು.

ಕಳೆದುಕೊಂಡದ್ದು ಸುಲಭಕ್ಕೆ ಬರುವಂಥದ್ದಲ್ಲ. ನವೆಂಬರ್‌ನಲ್ಲಿ ಜಮಾಲ್ ಮತ್ತೆ ಕುವೈತಿಗೆ ಹೋದ. ಏಪ್ರಿಲ್‌ನಲ್ಲಿ ಸಾಕ್ಷಿ ಹೇಳಲು ಬಂದ ಶಾಕಿರಾ, ಆ ಜಾಗವನ್ನು ತಾನು ಒಮ್ಮೆಯೂ ಕಂಡಿಲ್ಲ, ತೋರಿಸುತ್ತೀರಾ ಎಂದು ಕೇಳಿದಳು. ಗಜಾನನ ರೇಣುಕಪ್ಪನನ್ನು ಜೊತೆಗೆ ಕಳಿಸಿದರು.

ನೀರು ಇಳಿದು ನೆಲದ ಮೇಲೆ ಹಸಿರು ಹುಲ್ಲು ಬಂದಿತ್ತಂತೆ. ಆಕೆ ನೇರವಾಗಿ ಮೂಡು ದಿಕ್ಕಿನ ಮೂಲೆಗೆ ಹೋಗಿ, ಒಲೆಯ ಮುಂದೆ ಕೂರುವ ಹಾಗೆ ಸ್ವಲ್ಪ ಹೊತ್ತು ಕೂತಿದ್ದಳಂತೆ. ಆಮೇಲೆ ಕೊಪ್ಪದ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದಳು.