ಕೂಡಿಸಬಾರದ ಗೆರೆ

"ಅಣ್ಣಾ, ಆ ಕೊನೇ ಗೂಟ ಮಾತ್ರ ಹೊಡೀಬೇಡಿ," ಎಂದ ಸಂದೀಪ್.

ಬೆಲ್ವ್ಯೂ ಪಕ್ಕದ ಹಳೇ ಕಲ್ಲಿದ್ದಲು ಗಣಿಯೂರು ನ್ಯೂಕ್ಯಾಸಲ್‌ನ ಆ ಕಾಡುತುಂಡನ್ನು ಅಳೆಯಲು ಬಂದವರು ಇಬ್ಬರೇ. ಗದಗಿನ ವಿಜಯಕುಮಾರ ಕಂಪನಿ ಸೇರಿ ಎರಡು ವಾರವಾಗಿತ್ತು. ಬೆಂಗಳೂರಿನ ಸಂದೀಪ್ ಆರು ವರ್ಷದಿಂದ ಇಲ್ಲಿಯ ಸರ್ವೆಯಲ್ಲೇ ಪಳಗಿದವನು. ನೂರೈವತ್ತು ವರ್ಷದ ಹಿಂದೆ ಇಲ್ಲಿ ಅಳತೆಯ ಸರಪಳಿ ಎಳೆದವರು ಬಂದೂಕು ಹೊತ್ತು, ಸರದಿ ಕಾವಲಿಟ್ಟು ಅಳೆಯುತ್ತಿದ್ದರಂತೆ. ಈ ತುಂಡಿನಲ್ಲಿ ಮಾತ್ರ ಬಂದೂಕು ಕೆಲಸಕ್ಕೆ ಬರಲಿಲ್ಲ. ನಾಲ್ಕೂ ಬದಿ ಅಳೆದು, ಹೊರಟ ಬಾಂದುಕಲ್ಲಿಗೇ ಗೆರೆ ಕೂಡಿಸಿದವನು ಒಳಗೇ ಸಿಕ್ಕಿಬಿದ್ದ. ಕರೆತರಲು ಹೋದ ಗೆಳೆಯ ಅಲ್ಲೇ ಉಳಿದ, ಸಿಕ್ಕಿಬಿದ್ದಿದ್ದವನು ಹೊರಬಂದ. ಆಮೇಲೆ ಬಂದವರೆಲ್ಲ ಕಲ್ಲಿಗೆ ಒಂದೂವರೆ ಅಡಿ ಇರುವಾಗಲೇ ಅಳತೆ ನಿಲ್ಲಿಸಿ ಜೀವ ಉಳಿಸಿಕೊಂಡರು.

"ಪೂರ್ತಿ ಅಳೆದ್ರೆ ಈ ನೆಲಕ್ಕೆ ಒಬ್ಬರು ಬೇಕೇ ಬೇಕಂತೆ," ಎಂದು ಸಂದೀಪ್ ಕಥೆ ಮುಗಿಸಿದ.

ವಿಜಯಕುಮಾರ ಗೊಳ್ಳನೆ ನಕ್ಕ. "ಏನ್ ಹಚ್ಚೀಪಾ! ಅವರಿಗೆ ಅಳತಿ ಬರಲಿಲ್ಲ, ದೆವ್ವದ ಮ್ಯಾಲ ಹಾಕ್ಯಾರ. ತಪ್ಪ ಅಳತಿಗೆ ನಾ ಸಹಿ ಮಾಡಾಂವಲ್ಲ."

ಸಂದೀಪ್ ಬ್ಯಾಟರಿ ತರಲು ಟ್ರಕ್ಕಿನತ್ತ ಹೋದದ್ದೇ ತಡ, ವಿಜಯಕುಮಾರ ಗೆರೆಯ ಒಳಗೆ ನಿಂತು, ಬಾಂದುಕಲ್ಲಿಗೆ ಒತ್ತಿ ಗೂಟ ಹೊಡೆದ. ಒಂದೂವರೆ ಅಡಿಯ ತಪ್ಪು ಸರಿಹೋಯಿತು. ಸುತ್ತಿಗೆ ಕೆಳಗಿಟ್ಟಾಗ ಅವನಿಗೆ ನಿಜಕ್ಕೂ ಹೆಮ್ಮೆಯಾಗಿತ್ತು.

ಹೆದ್ದಾರಿಯ ಮೊರೆತ ನಿಂತಿತು. ನಡುಮಧ್ಯಾಹ್ನ; ಆದರೂ ಮರಗಳ ಬುಡದಿಂದ ಕತ್ತಲು ಮೇಲೇರತೊಡಗಿತು. ಒದ್ದೆ ಕಲ್ಲಿದ್ದಲಿನ ವಾಸನೆ ಗಂಟಲಿಗೆ ಅಡರಿತು. ಹೊರಟುಬಿಡೋಣವೆಂದು ಹತ್ತು ಹೆಜ್ಜೆ ಹಾಕಿದ. ಎದುರಿಗೆ ಅದೇ ಗೂಟ. ತಿರುಗಿ ಓಡಿದ. ಅದೇ ಗೂಟ. ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಅಲುಗಲಿಲ್ಲ. ಕೆಳಗಿನಿಂದ ಯಾರೋ ಹಿಡಿದಿದ್ದರು.

ಬೆನ್ನ ಹಿಂದೆ ಸರಪಳಿಯ ಸದ್ದು. ಕೊಂಡಿ ಕೊಂಡಿಯಾಗಿ. ನಿಧಾನ. ಹತ್ತಿರ. ತಣ್ಣನೆಯ ಕಬ್ಬಿಣ ಪಾದಕ್ಕೆ ತಾಗಿತು. ಕಣಕಾಲು ಸುತ್ತಿತು. ಸಂಜೆ ಬೆಲ್ವ್ಯೂದ ಶಾಲೆಯ ಮುಂದೆ ಮಗಳು ಯಾಮಿನಿ ಕಾಯುತ್ತಾಳೆ. ಅವನಿಗೆ ಸಾಯುವ ಭಯವಾಯಿತು.

"ಅಣ್ಣಾ! ಎಲ್ಲಿದೀರಾ?" ಜರೀಗಿಡಗಳ ಆಚೆ ಸಂದೀಪನ ದನಿ. "ಗೆರೆ ಕೂಡಿಸಿಲ್ಲ ತಾನೆ? ಒಳಗೆ ಬರ್ಲಾ?"

ಬರಬ್ಯಾಡ ಎನ್ನಬೇಕಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಸರಪಳಿ ಮೊಣಕಾಲಿಗೆ ಏರಿತು.

"ಇಲ್ಲಪಾ," ಎಂದ ವಿಜಯಕುಮಾರ. "ಕೂಡ್ಸಿಲ್ಲ. ಬಾ."

ಗಿಡಗಳು ಸರಿದವು. ಬೂಟು ಗೆರೆ ದಾಟಿತು. ಸರಪಳಿ ಸಡಿಲಾಯಿತು. ಯಾರೋ ಎತ್ತಿ ಒಗೆದಂತೆ ವಿಜಯಕುಮಾರ ಹೊರಗೆ ಬಿದ್ದ. ಬಿಸಿಲು. ಹೆದ್ದಾರಿಯ ಮೊರೆತ. ಹಿಂದೆ ನೋಡಿದರೆ ಕಾಡು ಖಾಲಿ.

ಸೊಂಟದಲ್ಲಿದ್ದ ವಾಕಿಟಾಕಿ ಗೊರಗುಟ್ಟಿತು.

"ಅಣ್ಣಾ... ಕೂಡಿಸಿಲ್ಲ ಅಂದ್ರಲ್ಲಾ?"

ಗೂಟ ಕಿತ್ತು ಅವನನ್ನು ಬಿಡಿಸಬೇಕೆಂದರೆ ಮತ್ತೆ ಗೆರೆಯ ಹತ್ತಿರ ಹೋಗಬೇಕು. ವಿಜಯಕುಮಾರ ವಾಕಿಟಾಕಿ ಆಫ್ ಮಾಡಿ ಟ್ರಕ್ಕಿನತ್ತ ಓಡಿದ.