ಮಣೆಯ ಮೇಲೆ ನಿಂತವಳು

"ಕೆಳಗಿಂದ ನೋಡಿ ಓದಬೇಡಿ! ಪಾದರಸದ ಬಾಯಲ್ಲಿ ಸುಳ್ಳು ಹೇಳಿಸ್ತಾ ಇದೀರ!"

ಬೆನ್ನ ಹಿಂದಿನ ಆ ಗಡಸು ದನಿಗೆ ಪುಟ್ಟಲಕ್ಷ್ಮಿ ಬೆಚ್ಚಿದಳು. ತುದಿಗಾಲಲ್ಲಿ ನಿಂತಿದ್ದವಳು ಜೋಲಿ ತಪ್ಪಿ, ಇನ್ನೇನು ಬಿಸಿ ಎಣ್ಣೆಯ ತೊಟ್ಟಿಗೆ ಕೈ ಊರಬೇಕು... ಯಾರೋ ತೋಳು ಹಿಡಿದು ಹಿಂದಕ್ಕೆಳೆದರು.

ತಿರುಗಿ ನೋಡಿದರೆ ಬಾಗಿಲಿನೆತ್ತರದ ಆಳು! ಹಿಡಿದ ತೋಳನ್ನು ಕೆಂಡ ಮುಟ್ಟಿದವನಂತೆ ಬಿಟ್ಟುಬಿಟ್ಟ.

"ಸುಟ್ಕೊಳ್ತಿದ್ರಿ" ಎಂದ. ಅಷ್ಟೆ.

ಅದು ಎಪ್ಪತ್ನಾಲ್ಕನೇ ಇಸವಿ. ರಾಜಾಜಿನಗರದ ಕೈಗಾರಿಕಾ ಎಸ್ಟೇಟಿನ ಹಿಂದಿನ ಬೀದಿಯಲ್ಲಿ ಪುರುಷೋತ್ತಮ ಎಂಬುವರ ಥರ್ಮಾಮೀಟರ್ ಕಾರ್ಖಾನೆ. ಬಾಯ್ಲರಿಗೆ, ಬಣ್ಣದ ಕಡಾಯಿಗೆ, ಹಾಲಿನ ಡೈರಿಗೆ ಹೋಗುವ ಉದ್ದನೆಯ ಗಾಜಿನ ಕಡ್ಡಿಗಳನ್ನು ಎಣ್ಣೆ ತೊಟ್ಟಿಯಲ್ಲಿ ಕಾಯಿಸಿ, 'ಮಾಸ್ಟರ್' ಎಂದು ಕರೆಯುವ ನಂಬಿಕಸ್ತ ಥರ್ಮಾಮೀಟರಿನ ಪಕ್ಕದಲ್ಲಿಟ್ಟು, ಯಾವುದು ಎಷ್ಟು ಹೆಚ್ಚು, ಎಷ್ಟು ಕಡಿಮೆ ತೋರಿಸುತ್ತದೆಂದು ಓದುವುದು ಟೆಸ್ಟಿಂಗ್ ರೂಮಿನ ಕೆಲಸ. ತೋಳು ಹಿಡಿದೆಳೆದ ಬೆಟ್ಟಯ್ಯ ಅಲ್ಲಿನ ಮೇಲ್ವಿಚಾರಕ. ಪುಟ್ಟಲಕ್ಷ್ಮಿ ಆ ದಿನವಷ್ಟೇ ಸೇರಿದವಳು.

"ಒಂದು ಬೆಟ್ಟ, ಒಂದು ಪುಟ್ಟ! ಒಳ್ಳೆ ಜೋಡಿ ಕಣ್ರೇ" ಎಂದು ಪ್ಯಾಕಿಂಗಿನ ಕಲ್ಯಾಣಮ್ಮ ಕಿಸಕ್ಕನೆ ನಕ್ಕಳು. ನಕ್ಕವಳೇ ಹೊಸಬಳ ಬೋಳುಗೈ, ಬರಿ ಹಣೆ ಕಂಡು ನಾಲಿಗೆ ಕಚ್ಚಿಕೊಂಡಳು.

ಮದುವೆಯಾದ ವರ್ಷ ತುಂಬುವುದರೊಳಗೆ ಮೈಸೂರು ರಸ್ತೆಯ ಲಾರಿಯೊಂದು ಪುಟ್ಟಲಕ್ಷ್ಮಿಯ ಗಂಡನನ್ನು ತಿಂದುಹಾಕಿತ್ತು. ಕೆಂಗೇರಿಯ ನಾಡಹೆಂಚಿನ ಮನೆಯಲ್ಲಿ ಉಳಿದವರು ಇಬ್ಬರೇ. ಅವಳು ಮತ್ತು ಅತ್ತೆ ಗಂಗಲಕ್ಷ್ಮಮ್ಮ. ಎರಡು ಬಸ್ಸು ಹಿಡಿದು ಬಂದು ದುಡಿಯದೆ ಬೇರೆ ದಾರಿ ಇರಲಿಲ್ಲ.

'ಈ ಮನುಷ್ಯನ ಕೈಕೆಳಗೆ ಹೇಗಪ್ಪಾ ಬದುಕೋದು...' ಆವತ್ತು ಬಸ್ಸಿನ ಕಿಟಕಿಗೆ ಹಣೆ ಒತ್ತಿ ಅತ್ತಳು.

ಮಾರನೆಯ ದಿನ ಟೆಸ್ಟಿಂಗ್ ರೂಮಿನಲ್ಲಿ ಅವಳು ನಿಲ್ಲುವ ಕಡೆ ಏನೂ ಇರಲಿಲ್ಲ. ಅದರ ಮಾರನೆಯ ದಿನವೂ ಇರಲಿಲ್ಲ. ಸೋಮವಾರ ಬಂದರೆ, ತೊಟ್ಟಿಯ ಕಟ್ಟೆಯ ಬುಡದಲ್ಲಿ ಒಂದು ಮಣೆ! ಹಲಸಿನ ಹಲಗೆ, ಅಡಿಗೆ ಹೊಸದಾಗಿ ಬಡಿದ ದಪ್ಪ ಕಾಲು.

"ಹತ್ತಿ" ಎಂದ ಬೆಟ್ಟಯ್ಯ.

ಹತ್ತಿದಳು. ಪಾದರಸದ ತುದಿ ಸರಿಯಾಗಿ ಅವಳ ಕಣ್ಣಿನ ನೇರಕ್ಕೆ ಬಂತು. ಒಂದು ಕೂದಲೆಳೆಯಷ್ಟೂ ಮೇಲಿಲ್ಲ, ಕೆಳಗಿಲ್ಲ.

"ಬದುವಿನ ಮೇಲೆ ನಿಂತೋನಿಗೆ ರಾಗಿ ತೆನೆ ಮಾತ್ರ ಕಾಣುತ್ತೆ. ಕೆಳಗೆ ಕೂತೋಳಿಗೆ ಕಳೆ ಮಾತ್ರ ಕಾಣುತ್ತೆ. ಹೊಲ ಒಂದೇ. ಇದೂ ಹಂಗೇ. ನೂರು ಇದ್ದದ್ದು ಕೆಳಗಿಂದ ನೋಡಿದ್ರೆ ಕಮ್ಮಿ ಕಾಣುತ್ತೆ. ನೇರಕ್ಕೆ ನೋಡ್ಬೇಕು."

"ನೀವೂ ಹೊಲದೋರಾ ಸಾರ್?"

"ಮಾಗಡಿ ಕಡೆ" ಎಂದ. ಮೊದಲ ಬಾರಿಗೆ ಅವನ ತುಟಿ ಅರಳಿದ್ದು ಕಂಡಿತು.

ಅಲ್ಲಿಂದಾಚೆಗೆ ದಿನಗಳು ಎಣ್ಣೆ ಕಾಯುವ ಹಾಗೆ ನಿಧಾನಕ್ಕೆ, ಸದ್ದಿಲ್ಲದೆ ಬೆಚ್ಚಗಾದವು. ಅವನು ಮಾಸ್ಟರ್ ಓದಿ ಕೂಗುವನು, ಅವಳು ಉಳಿದವನ್ನು ಓದಿ ಹೇಳುವಳು. ಎಣ್ಣೆ ಕಾಯುವವರೆಗೆ ಅವಳು, ಸೇರಿದ ದಿನದಿಂದಲೂ ಮಾಡುತ್ತಿದ್ದಂತೆ, ಸುಣ್ಣದ ಗೋಡೆಗೆ ತಲೆ ಆನಿಸಿ ನಿಲ್ಲುವಳು. ಅವನು ಮನೆಯಿಂದ ತಂದ ಅವರೆಕಾಳು ಉಸಲಿಯಲ್ಲಿ ಅರ್ಧವನ್ನು ಮಾತಿಲ್ಲದೆ ಕಟ್ಟೆಯ ಮೇಲಿಡುವನು. ಅವನ ಹೆಂಡತಿ ತೀರಿಕೊಂಡಿದ್ದಾಳೆಂದು ಯಾರೋ ಹೇಳಿದ್ದರು. ಅವನು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ.

'ಇದೇನು ನನ್ನ ಎದೆಯೊಳಗೆ... ಬೇಡ. ನನ್ನಂಥವಳಿಗೆ ಇದೆಲ್ಲ ಬೇಡ.'

ವರ್ಷ ತಿರುಗಿದ ಒಂದು ಶನಿವಾರ ಎಣ್ಣೆ ಚೆಲ್ಲಿತು. ಒರೆಸಲೆಂದು ಅವಳು ಮಣೆಯನ್ನು ಮಗುಚಿ ಹಾಕಿದಳು. ಹಲಗೆಯ ಅಡಿಯಲ್ಲಿ ಕೆಮ್ಮಣ್ಣು, ಸುಣ್ಣದ ಗೆರೆಗಳು! ಮಾಸಿದ್ದವು, ಅಳಿಸಿರಲಿಲ್ಲ.

"ಅಯ್ಯೋ ಶಿವನೇ!" ಕಲ್ಯಾಣಮ್ಮ ಎದೆ ಮುಟ್ಟಿಕೊಂಡಳು. "ಇದು ಹಸೆಮಣೆ ಕಣೇ! ಬೆಟ್ಟಯ್ಯನ ಮದುವೇದೇ ಇರ್ಬೇಕು. ಗಂಡ ಇಲ್ಲದೋಳು ಚಪ್ಪಲಿ ಕಾಲಲ್ಲಿ ಹಸೆಮಣೆ ತುಳಿಯೋದಾ! ಆ ಯಪ್ಪನಿಗಾದ್ರೂ ಬುದ್ಧಿ ಬೇಡ್ವಾ?"

ಪುಟ್ಟಲಕ್ಷ್ಮಿ ಮಣೆಯಿಂದ ಹಿಂದೆ ಸರಿದಳು. ಇಷ್ಟು ದಿನ... ಇದರ ಮೇಲೆ ನಿಂತಿದ್ದೆನೇ! ಮುತ್ತೈದೆ ಕೂತೆದ್ದ ಮಣೆಯನ್ನು ನನ್ನ ಕಾಲಿಗೆ ಹಾಕಿದನೆಂದರೆ ಏನರ್ಥ? ಕನಿಕರವೇ? ಅಣಕವೇ?

ಮಣೆಯನ್ನು ಸೆರಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡು, ಮೂಲೆಗೆ ಒರಗಿಸಿದಳು. ಸೋಮವಾರದಿಂದ ನೆಲದ ಮೇಲೇ ನಿಂತಳು.

"ಮಣೆ ಯಾಕೆ ತೆಗೆದ್ರಿ?"

"ಬೇಡ ಸಾರ್. ಅಭ್ಯಾಸ ಆಗಿದೆ."

ಬೆಟ್ಟಯ್ಯ ಮೂಲೆ ನೋಡಿದ. ಸುಣ್ಣದ ಗೆರೆ ಈಚೆ ತಿರುಗಿತ್ತು. ಅವನ ಮುಖ ಬಿಳಿಚಿತು. ತೊಟ್ಟಿಯ ಕಡೆ ತಿರುಗಿಕೊಂಡ. ಅವಳು ಕತ್ತು ಎತ್ತಿ ಎತ್ತಿ ಓದುತ್ತಲೇ ಹೋದಳು.

ತಿಂಗಳೊಪ್ಪತ್ತಿನಲ್ಲಿ ಡೈರಿಯೊಂದರಿಂದ ಪೆಟ್ಟಿಗೆಗಟ್ಟಲೆ ಮಾಲು ವಾಪಸ್ಸು ಬಂತು. ಒಂದೂ ಸರಿ ತೋರಿಸುತ್ತಿರಲಿಲ್ಲ. ಪುರುಷೋತ್ತಮ ಕೆಂಡವಾಗಿದ್ದರು.

"ಯಾರ್ರೀ ಓದಿದ್ದು ಇದನ್ನ?"

ಪುಟ್ಟಲಕ್ಷ್ಮಿ ಬೆಟ್ಟಯ್ಯನ ಮುಖವನ್ನೇ ನೋಡಿದಳು. ಒಂದು ಮಾತು... ಏನಾದರೂ ಒಂದು ನೆಪ ಹೇಳಬಾರದೇ!

"ಪುಟ್ಟಲಕ್ಷ್ಮಿಯವರು ಓದಿದ್ದು. ತಪ್ಪು ಓದಿದಾರೆ" ಎಂದ ಬೆಟ್ಟಯ್ಯ. "ಅವರು ಕೆಳಗಿಂದ ಓದೋದು ಕಂಡೂ ನಾನು ಸುಮ್ಮನಿದ್ದೆ. ಅದೂ ತಪ್ಪೇ."

ಎರಡನೆಯ ಮಾತು ಅವಳ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯಲಿಲ್ಲ. ಮರುದಿನದಿಂದ ಅವಳಿಗೆ ಪ್ಯಾಕಿಂಗಿನ ಹುಲ್ಲು, ರಟ್ಟು, ದಾರ. ಅವನಿಗೆ ಟೆಸ್ಟಿಂಗ್ ರೂಮಿನಲ್ಲಿ ಒಂಟಿತನ. ನಡುವೆ ಒಂದೇ ಗೋಡೆ.

ಕಾರ್ತಿಕದ ಚಳಿಯೆಲ್ಲ ಹಾಗೇ ಕಳೆಯಿತು. ಗೋಡೆಯಾಚೆ ಅವನು ಮಾಸ್ಟರ್ ಓದಿ ಕೂಗುವುದು ಕೇಳಿಸುತ್ತಿತ್ತು. ಉತ್ತರ ಹೇಳುವವರು ಯಾರೂ ಇರಲಿಲ್ಲ. ತಾನೇ ಕೂಗಿ, ತಾನೇ ಓದಿಕೊಳ್ಳುತ್ತಿದ್ದ. ಆ ದನಿ ಕೇಳಿದಾಗಲೆಲ್ಲ ಅವಳ ಕೈಯ ದಾರ ಸಿಕ್ಕಾಗುತ್ತಿತ್ತು.

ಒಂದು ಮಧ್ಯಾಹ್ನ ಪೆಟ್ಟಿಗೆ ತರಲು ಟೆಸ್ಟಿಂಗ್ ರೂಮಿಗೆ ಹೋದಳು. ಅವನಿರಲಿಲ್ಲ. ಕಣ್ಣು ತಾನಾಗಿ ಸುಣ್ಣದ ಗೋಡೆಗೆ ಹೋಯಿತು. ತಲೆ ಆನಿಸಿ ನಿಲ್ಲುತ್ತಿದ್ದ ಕಡೆ ಅವಳ ಕೂದಲೆಣ್ಣೆಯ ಕಲೆ ಹಾಗೇ ಇತ್ತು. ಅದರ ಪಕ್ಕದಲ್ಲಿ... ಪೆನ್ಸಿಲಿನ ಒಂದು ಗೆರೆ. ತುಸು ಮೇಲೆ ಇನ್ನೊಂದು ಗೆರೆ.

ಎರಡರ ನಡುವೆ ಗೇಣು ಇಟ್ಟಳು. ಮೂಲೆಯ ಮಣೆಯ ಎತ್ತರಕ್ಕೂ ಅದೇ ಗೇಣು ಇಟ್ಟಳು.

ಒಂದೇ ಅಳತೆ!

ಕೇಳಿದರೆ ನೊಂದುಕೊಳ್ಳುತ್ತಾಳೆಂದು, ಅವಳು ಆನಿಸಿದ ತಲೆಯ ಕಲೆಯಿಂದ ಅವಳ ಎತ್ತರವನ್ನು ಅಳೆದು, ಕಡಿಮೆ ಬಿದ್ದಷ್ಟಕ್ಕೆ ಮಣೆಗೆ ಕಾಲು ಬಡಿದಿದ್ದ! ಅಣಕ ಮಾಡುವವನು ಹೀಗೆ ಅಳೆಯುತ್ತಾನೆಯೇ? ಪುಟ್ಟಲಕ್ಷ್ಮಿ ಆ ಗೋಡೆಗೇ ಹಣೆ ಒತ್ತಿ ಬಿಕ್ಕಿದಳು.

ಆ ಸಂಜೆ ರಾಗಿ ಕೇರುತ್ತಿದ್ದ ಅತ್ತೆಯ ಮುಂದೆ ಎಲ್ಲವನ್ನೂ ಹೇಳಿಬಿಟ್ಟಳು. ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿದಳು. ಗಂಗಲಕ್ಷ್ಮಮ್ಮನ ಮೊರ ನಿಂತಿತು. ಗೋಡೆಯ ಮೇಲಿನ ಮಗನ ಪಟ ನೋಡಿದರು.

"ನಿನ್ನ ಬಳೆ ಒಡೆದೋಳು ನಾನೇ ಅಲ್ವೇನೇ?"

"ಅತ್ತೆ..."

"ಆ ಕೈ ಈವತ್ತೂ ನೋಯುತ್ತೆ ಕಣೇ ಮಗಳೇ. ನಾಳೆ ಭಾನುವಾರ. ಬಳೆಗಾರನ್ನ ಕರೀತೀನಿ. ಒಡೆದ ಕೈಯಲ್ಲೇ ತೊಡಿಸ್ತೀನಿ."

"ನಿಮ್ಮನ್ನ ಬಿಟ್ಟು ನಾನು..."

"ಬಿಟ್ಟು ಹೋಗು ಅಂದ್ನಾ ನಾನು? ಅವನಿಗೆ ಹೇಳು, ಅತ್ತೇನೂ ಕಟ್ಕೋಬೇಕಾಗುತ್ತೆ ಅಂತ!"

ಇಬ್ಬರೂ ನಕ್ಕರು. ನಗುತ್ತಾ ನಗುತ್ತಾ, ಒಬ್ಬರ ಹೆಗಲ ಮೇಲೊಬ್ಬರು ಬಿದ್ದು, ಸತ್ತವನಿಗಾಗಿ ಮತ್ತೊಮ್ಮೆ ಅತ್ತರು.

ಸೋಮವಾರ ಬೆಟ್ಟಯ್ಯ ತೊಟ್ಟಿಯ ಮುಂದೆ ಬಾಗಿದ್ದ. ಓದುವಾಗ ಅವನು ಯಾರು ಕರೆದರೂ ತಿರುಗುವವನಲ್ಲ. ಬಾಗಿಲಲ್ಲಿ ಗಾಜಿನ ಬಳೆ ಸದ್ದಾಯಿತು. ಅವನ ಕಣ್ಣು ಪಾದರಸವನ್ನು ಬಿಟ್ಟಿತು.

ಪುಟ್ಟಲಕ್ಷ್ಮಿ ಮೂಲೆಯ ಮಣೆಯ ಮುಂದೆ ನಿಂತಳು.

"ಅವರ ಹೆಸರೇನು?"

ಯಾರ ಹೆಸರೆಂದು ಅವನು ಕೇಳಲಿಲ್ಲ. "ತುಂಗಾ" ಎಂದ. "ಬಾಣಂತನದಲ್ಲಿ ಹೋದ್ಲು. ಮಗೂನೂ ಉಳೀಲಿಲ್ಲ."

"ಮೊದಲೇ ಹೇಳಿದ್ರೆ ಚಪ್ಪಲಿ ಬಿಟ್ಟು ನಿಲ್ತಿದ್ದೆ."

"ಅಟ್ಟದ ಮೇಲಿತ್ತು. ಕಂಡಾಗಲೆಲ್ಲ ಎದೆ ಒಡೆಯೋದು. ಸುಡೋಕೂ ಕೈ ಬರ್ಲಿಲ್ಲ. ನೀವು ಅದರ ಮೇಲೆ ನಿಂತು ಸರಿಯಾಗಿ ಓದಿದ ದಿನ... ಮೊದಲನೇ ಸಲ ಅದನ್ನ ನೋಡಿ ಅಳು ಬರ್ಲಿಲ್ಲ. ನಿಮ್ಮನ್ನ ಹೀಯಾಳಿಸೋಕಲ್ಲ, ಪುಟ್ಟಲಕ್ಷ್ಮಿ!"

"ಗೋಡೆ ನೋಡಿದೆ. ಗೊತ್ತಾಯ್ತು." ಅವಳು ಪೆನ್ಸಿಲಿನ ಗೆರೆಗಳತ್ತ ಕೈ ತೋರಿದಳು. "ಆದ್ರೆ ಸಾಹೇಬರ ಮುಂದೆ ಒಂದು ಸುಳ್ಳು ಹೇಳ್ಬೋದಿತ್ತು."

"ಹೇಳ್ಬೋದಿತ್ತು. ಆಮೇಲೆ ನೀವಂದ್ರೆ ನನಗೆ ಪ್ರಾಣ ಅಂತ ಹೇಳಿದ್ರೆ... ಅದನ್ನ ನಂಬ್ತಿದ್ರಾ?"

ಎಣ್ಣೆ ಸಣ್ಣಗೆ ಕುದಿಯುತ್ತಿತ್ತು. ಪುಟ್ಟಲಕ್ಷ್ಮಿ ಕಣ್ಣೊರೆಸಿಕೊಂಡಳು. ಮಣೆಯನ್ನೆತ್ತಿ, ಹಸೆಯ ಗೆರೆಗಳ ಮೇಲೆ ಒಮ್ಮೆ ಬೆರಳಾಡಿಸಿ, ಅವನ ಕೈಗಿತ್ತಳು.

"ಇದನ್ನ ಮನೆಗೆ ತಗೊಂಡು ಹೋಗಿ."

ಅವನ ಮುಖ ಬಾಡಿತು. "ಇನ್ನು ನಿಲ್ಲಲ್ವಾ ಇದರ ಮೇಲೆ?"

"ನಿಲ್ಲಲ್ಲ." ಬಳೆಗಳು ಮೆಲ್ಲಗೆ ಸದ್ದಾದವು. "ಆ ಕಾಲು ಕಿತ್ತು, ತುಂಗಕ್ಕನ ಹೆಸರು ಹೇಳಿ ಹೊಸದಾಗಿ ಹಸೆ ಬರೆಸಿ. ಈ ಸಲ ಕೂತ್ಕೋತೀನಿ."

ಬೆಟ್ಟಯ್ಯ ಮಣೆಯನ್ನು ಎದೆಗವಚಿಕೊಂಡು ಮಗುವಿನಂತೆ ಅತ್ತ. ಕಣ್ಣೊರೆಸಿಕೊಂಡು ಕೇಳಿದ:

"ಪಕ್ಕದಲ್ಲಿ ನನಗೂ ಜಾಗ ಇರುತ್ತಾ?"

"ಬೆಟ್ಟ ಕೂತ್ರೆ ಎಲ್ಲಿರುತ್ತೆ!" ಅವಳು ಕಣ್ಣೀರಿನಲ್ಲೇ ನಕ್ಕಳು. "ಸ್ವಲ್ಪ ಒತ್ತರಿಸ್ಕೊಂಡು ಕೂತ್ಕೊಳ್ಳಿ."